ಡೈರಿ ಲೆಕ್ಕ ಉಳಿದರೆ ಸಾಲದು, ಲೆಕ್ಕದ ಕಟ್ಟಳೆಯೂ ಉಳಿಯಬೇಕು

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಬೇಕು ಅಂತ ಅಧ್ಯಕ್ಷರು ನಮಗೆ ಹೇಳಿದಾಗ, ನಾವು ಹಸುವಿನ ತಳಿ, ಹಸಿರು ಮೇವು, ಕಾಲುಬಾಯಿ ಜ್ವರ ಇವುಗಳ ಬಗ್ಗೆ ಹೇಳ್ತೀವಿ ಅಂತ ಎಲ್ಲರೂ ಅಂದುಕೊಂಡಿದ್ದರು. ಅದನ್ನು ಹೇಳೋದಕ್ಕೆ ಡಾಕ್ಟರೇ ಬಂದಿದ್ದಾರೆ. ನಾವು ಎಸ್‌ಎಸ್‌ಎಲ್‌ಸಿ ಮುಗಿಸಿ ಹೊಲಕ್ಕಿಳಿದವರು. ಆದರೂ ಈ ಹೊತ್ತು ನಮ್ಮ ಡೈರಿಯ ಕಂಪ್ಯೂಟರಿನ ಒಂದು ವಿಷಯವನ್ನೇ ಹೇಳಬೇಕು ಅಂತ ಬಂದಿದ್ದೀವಿ. ನಗಬೇಡಿ. ಇದು ಕಂಪ್ಯೂಟರಿನ ವಿಷಯ ಅಂತ ಅನ್ನಿಸಿದರೂ, ನಿಮ್ಮ ಹಾಲಿನ ದುಡ್ಡಿನ ವಿಷಯ.

ನಮ್ಮ ರಾಜ್ಯದಲ್ಲಿ ಸಹಕಾರ ಸಂಘ ಅನ್ನೋದು ಹುಟ್ಟಿದ್ದು 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ಅದನ್ನು ಕಟ್ಟಿದ ಕಾಲದಿಂದ ಈ ಹೊತ್ತಿನವರೆಗೆ ಸಂಘ ಅನ್ನೋದು ನಿಂತಿರೋದು ಪುಸ್ತಕದ ಮೇಲೆ. ಸದಸ್ಯರ ಕೈಯಲ್ಲಿರುವ ಪುಸ್ತಕಕ್ಕೂ ಸಂಘದ ಬೀರುವಿನಲ್ಲಿರುವ ಪುಸ್ತಕಕ್ಕೂ ತಾಳೆ ಬೀಳಬೇಕು. ತಾಳೆ ಬೀಳದ ದಿನ ನಂಬಿಕೆ ಹೋಗುತ್ತೆ. ಬೂದಿಕೋಟೆ ಅಂದರೆ ಹೊರಗಿನವರಿಗೆ ಹೈದರ್ ಅಲಿ ಹುಟ್ಟಿದ ಊರು. ಒಳಗಿರುವ ನಮಗೆ ಗೊತ್ತಿರೋದು ಮಳೆ ಕೈಕೊಟ್ಟರೆ ರಾಗಿ ಇಲ್ಲ, ಬೋರ್‌ವೆಲ್ ಬತ್ತಿದರೆ ಟೊಮೇಟೊ ಇಲ್ಲ ಅನ್ನೋದು. ಪಕ್ಕದ ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅಲ್ಲಿಯ ಕೂಲಿಯೂ ಇಲ್ಲ. ಹಸು ಒಂದೇ ಎರಡು ಹೊತ್ತು ಕೊಡುತ್ತಾ ಬಂದಿದೆ. ಆ ಎರಡು ಹೊತ್ತಿನ ಲೆಕ್ಕ ಈಗ ಡೈರಿಯ ಮೂಲೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಯೊಳಗೆ ಇದೆ.

ಆ ಪೆಟ್ಟಿಗೆಯನ್ನು ಸರ್ವರ್ ಅಂತೀವಿ. ಹಾಲು ತೂಗುವ, ಫ್ಯಾಟು ನೋಡುವ ಮೇಜಿನ ಮೇಲಿರುವ ಕಂಪ್ಯೂಟರು, ಕಾರ್ಯದರ್ಶಿಗಳ ಮೇಜಿನ ಕಂಪ್ಯೂಟರು, ಎರಡೂ ಆ ಪೆಟ್ಟಿಗೆಯನ್ನೇ ಕೇಳಿ ಕೆಲಸ ಮಾಡುತ್ತವೆ. ಅದರೊಳಗೆ ಮೈಎಸ್‌ಕ್ಯೂಎಲ್ ಅನ್ನೋ ತಂತ್ರಾಂಶ ಇದೆ. ಅದನ್ನು ಒಬ್ಬ ಗುಮಾಸ್ತ ಅಂತ ತಿಳಿಯಿರಿ. ಯಾರ ನಂಬರಿಗೆ ಎಷ್ಟು ಲೀಟರು, ಎಷ್ಟು ಫ್ಯಾಟು, ಎಸ್‌ಎನ್‌ಎಫ್ ಎಷ್ಟು, ಬೂಸದ ಮೂಟೆಗೆ ಎಷ್ಟು ಹಿಡೀಬೇಕು, ಎಲ್ಲ ಆ ಗುಮಾಸ್ತ ಬರೆದಿಟ್ಟುಕೊಳ್ಳುತ್ತಾನೆ. ಇದು ಲೆಕ್ಕದ ಪುಸ್ತಕ, ದತ್ತಾಂಶ ಅಂತ ಓದಿದವರು ಕರೀತಾರೆ.

ಈ ಪುಸ್ತಕವಲ್ಲದೆ ಇನ್ನೊಂದು ಇದೆ, ಅದೇ ಈ ಹೊತ್ತಿನ ವಿಷಯ. ಆ ಗುಮಾಸ್ತ ಹೇಗೆ ಕೆಲಸ ಮಾಡಬೇಕು ಅನ್ನೋ ಕಟ್ಟಳೆ. ಬಾಗಿಲು ಯಾರಿಗೆ ತೆಗೀಬೇಕು, ಯಾವ ಲಿಪಿಯಲ್ಲಿ ಬರೀಬೇಕು, ಒಟ್ಟಿಗೆ ಎಷ್ಟು ಹಾಳೆ ಮೇಜಿನ ಮೇಲೆ ಹರಡಿಕೊಳ್ಳಬಹುದು, ಇಂಥವು. ಇದಕ್ಕೆ ಸೆಟ್ಟಿಂಗು ಅಂತ ಹೆಸರು. ಲೆಕ್ಕದ ಪುಸ್ತಕ ಒಂದು ಕಡೆ ಇರುತ್ತೆ, ಈ ಕಟ್ಟಳೆ ಬೇರೊಂದು ಸಣ್ಣ ಕಡತದಲ್ಲಿ, ಬೇರೆ ಜಾಗದಲ್ಲಿ ಇರುತ್ತೆ. ಒಂದೆರಡು ಪುಟದಷ್ಟು ಬರಹ, ಅಷ್ಟೇ.

ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಹೇಳ್ತೀವಿ. ಸ್ಟಾರ್ಟರ್ ಡಬ್ಬಿಯೊಳಗೆ ರಿಲೇ ಇರುತ್ತಲ್ಲ, ಅದರ ಮೇಲೆ ತಿರುಗಿಸುವ ಒಂದು ಗುಂಡಿ ಇದೆ. 5 ಎಚ್‌ಪಿ ಮೋಟಾರಾದರೆ ಸುಮಾರು ಏಳೂವರೆ ಆಂಪ್ಸ್ ಹತ್ತಿರ ಅದನ್ನು ಇಡಬೇಕು. ಹೊಸ ಸ್ಟಾರ್ಟರ್ ತಂದು ಹಾಕಿದಾಗ ಆ ಗುಂಡಿ ಕಾರ್ಖಾನೆಯಲ್ಲಿ ಎಲ್ಲಿಟ್ಟಿದ್ದರೋ ಅಲ್ಲೇ ಇರುತ್ತೆ. ಮೋಟಾರು ನಮ್ಮದೇ, ತಂತಿ ನಮ್ಮದೇ, ನೀರೂ ಬರುತ್ತೆ. ವೋಲ್ಟೇಜ್ ಬಿದ್ದ ಒಂದು ರಾತ್ರಿ ರಿಲೇ ಬಿಡಲ್ಲ, ಕಾಯಿಲ್ ಸುಟ್ಟು ಹೋಗುತ್ತೆ. (ಶಿವನಸಮುದ್ರದಿಂದ ಚಿನ್ನದ ಗಣಿಗೆ 1902ರಲ್ಲೇ ಕರೆಂಟು ಬಂತು. ಅದೇ ತಂತಿಯ ಕೆಳಗೆ ಎಷ್ಟೋ ಹಳ್ಳಿಯವರು ದಶಕಗಟ್ಟಲೆ ಸೀಮೆಎಣ್ಣೆ ದೀಪದಲ್ಲೇ ಇದ್ದರು. ಅದು ಬೇರೆ ಕಥೆ, ಬಿಡಿ.) ಸ್ಟಾರ್ಟರ್ ಬದಲಾಯಿಸೋದು ತಪ್ಪಲ್ಲ. ಹಳೇ ಗುಂಡಿ ಎಲ್ಲಿತ್ತು ಅಂತ ನೋಡಿಕೊಳ್ಳದೆ ಬದಲಾಯಿಸೋದು ತಪ್ಪು.

ನಮ್ಮ ಡೈರಿಯ ಪೆಟ್ಟಿಗೆಯಲ್ಲಿ ನಾವು ತಿರುಗಿಸಿಟ್ಟಿರುವ ಗುಂಡಿಗಳು ಹೆಚ್ಚಿಲ್ಲ. ಮುಖ್ಯವಾದ ಮೂರನ್ನು ಹೇಳ್ತೀವಿ.

ಒಂದು, ಬಾಗಿಲು. ನಮ್ಮ ಪೆಟ್ಟಿಗೆಯಲ್ಲಿ ಉಬುಂಟು ಅನ್ನೋ ವ್ಯವಸ್ಥೆ ಇದೆ. ಅದರ ಜೊತೆ ಬರುವ ಮೈಎಸ್‌ಕ್ಯೂಎಲ್‌ಗೆ ಕಾರ್ಖಾನೆಯ ಕಟ್ಟಳೆ ಏನು ಅಂದರೆ, ಈ ಪೆಟ್ಟಿಗೆಯೊಳಗಿಂದ ಕೇಳಿದವರಿಗೆ ಮಾತ್ರ ಉತ್ತರ ಕೊಡು, ಹೊರಗಿನ ಯಂತ್ರ ಕೇಳಿದರೆ ಬಾಯಿ ಬಿಡಬೇಡ ಅಂತ. ಕಳ್ಳರ ಭಯಕ್ಕೆ ಅದು ಒಳ್ಳೇದೇ. ಆದರೆ ನಮ್ಮ ಹಾಲಿನ ಮೇಜಿನ ಕಂಪ್ಯೂಟರು ಹೊರಗಿನದ್ದು. ಅದಕ್ಕೆ ಬಾಗಿಲು ತೆಗಿ ಅಂತ ನಾವು ಒಂದು ಸಾಲು ತಿದ್ದಿದ್ದೀವಿ.

ಎರಡು, ಲಿಪಿ. ಇದನ್ನು ಕೇಳಿದರೆ ನಿಮಗೂ ಆಶ್ಚರ್ಯವಾಗುತ್ತೆ. ಮೈಎಸ್‌ಕ್ಯೂಎಲ್ ಮಾಡಿದ ಕಂಪನಿ ಸ್ವೀಡನ್ ದೇಶದ್ದು. ಆದ್ದರಿಂದ ಬಹಳ ವರ್ಷ ಅದರ ಹುಟ್ಟು ಕಟ್ಟಳೆಯಲ್ಲಿ ಇದ್ದದ್ದು ಐರೋಪ್ಯರ ಲಿಪಿ, ಅಕ್ಷರಗಳನ್ನು ಜೋಡಿಸುವ ಕ್ರಮವೂ ಸ್ವೀಡನ್ನಿನವರದೇ! 2018ರಲ್ಲಿ 8.0 ಅನ್ನೋ ಆವೃತ್ತಿ ಬಂದ ಮೇಲಷ್ಟೇ ಪ್ರಪಂಚದ ಎಲ್ಲ ಲಿಪಿಯೂ ಸೇರುವ ಕಟ್ಟಳೆ ತಾನಾಗಿ ಬಂತು. ಅದಕ್ಕೆ ಮುಂಚೆ ಲಕ್ಷ್ಮಮ್ಮ ಅಂತ ಕನ್ನಡದಲ್ಲಿ ಬರೆದಿಡಬೇಕಾದರೆ ಯಾರಾದರೂ ಕೂತು ಆ ಸಾಲನ್ನು ತಿದ್ದಲೇಬೇಕಿತ್ತು.

ಮೂರು, ಮೇಜಿನ ಅಗಲ. ಯಂತ್ರದಲ್ಲಿ ಎಷ್ಟೇ ಜಾಗ ಇದ್ದರೂ ಗುಮಾಸ್ತ 128 ಎಂಬಿ ಮಾತ್ರ ಬಳಸುತ್ತಾನೆ, ಅದು ಕಾರ್ಖಾನೆ ಕಟ್ಟಳೆ. ನಾಲ್ಕೆಕರೆ ತೋಟ ಕೊಟ್ಟು ಒಂದು ಪಾತಿಗೆ ಮಾತ್ರ ನೀರು ಬಿಡು ಅಂದ ಹಾಗೆ. ಬಟವಾಡೆ ದಿನ ಬಿಲ್ಲು ತೆಗೆಯೋದಕ್ಕೆ ತಡವಾಗುತ್ತೆ ಅಂತ ನಾವು ಅದನ್ನು ಹೆಚ್ಚಿಸಿದ್ದೀವಿ.

ಈಗ ತಂತ್ರಾಂಶದ ನವೀಕರಣ, ಅಂದರೆ ಅಪ್‌ಗ್ರೇಡ್ ಮಾಡುವಾಗ ಏನಾಗುತ್ತೆ ಅಂತ ನೋಡಿ. ಹಳೇ ಗುಮಾಸ್ತನನ್ನು ಕಳಿಸಿ ಹೊಸಬನನ್ನು ಕೂರಿಸೋದು ಅಂತ ತಿಳಿಯಿರಿ. ಲೆಕ್ಕದ ಪುಸ್ತಕ ಹಾಗೇ ಇರುತ್ತೆ. ಹೊಸಬ ಬರುವಾಗ ಜೇಬಿನಲ್ಲಿ ತನ್ನದೇ ಕಟ್ಟಳೆ ಚೀಟಿ ತಂದಿರುತ್ತಾನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಇನ್ನೊಂದು ಡೈರಿಯಲ್ಲಿ ಆದದ್ದನ್ನು ಹೇಳ್ತೀವಿ. ಊರ ಹೆಸರು ಬೇಡ, ಅಲ್ಲಿಯವರೂ ನಮ್ಮವರೇ, ಸಭೆಯಲ್ಲೂ ಕೂತಿದ್ದಾರೆ. ಬೆಳಗಿನ ಹಾಲು ಮುಗಿದ ಮೇಲೆ ತಂತ್ರಾಂಶ ಕೊಟ್ಟವರ ಕಡೆಯ ಹುಡುಗ ಬಂದ. ನವೀಕರಣ ಮಾಡಿದ. ಕಾರ್ಯದರ್ಶಿಗಳ ಮೇಜಿನಿಂದ ನೋಡಿದರೆ ಪೆಟ್ಟಿಗೆ ಬೆಳಗುತ್ತಾ ಇದೆ, ಗುಮಾಸ್ತ ಎದ್ದಿದ್ದಾನೆ, ಎಲ್ಲ ಸರಿ ಅಂತ ಮಧ್ಯಾಹ್ನದ ಬಸ್ಸಿಗೆ ಹೋದ. ಸಂಜೆ ಐದಕ್ಕೆ ಹಾಲಿನವರು ಸಾಲು ನಿಂತರು. ಹಾಲಿನ ಮೇಜಿನ ಕಂಪ್ಯೂಟರು ಪೆಟ್ಟಿಗೆಯನ್ನು ಕೇಳಿದರೆ ಉತ್ತರವೇ ಇಲ್ಲ. ಆ ಹುಡುಗನಿಗೆ ಫೋನ್ ಮಾಡಿದರೆ ಅವನು ಇನ್ನೊಂದು ಊರಲ್ಲಿ. ಹಾಲು ಕಾಯುತ್ತಾ? ಕ್ಯಾನು ತುಂಬಿಸಲೇಬೇಕು. ಪರೀಕ್ಷಕರು ಬೂಸದ ಬಿಲ್ಲಿನ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ನಂಬರು, ಲೀಟರು, ಫ್ಯಾಟು ಬರೆದುಕೊಂಡರು. ಮಾರನೇ ದಿನ ಬೆಳಿಗ್ಗೆಯೂ ಹಾಗೇ. ಎರಡು ಹೊತ್ತಿನ ಆ ಚೀಟಿಗಳನ್ನು ಆಮೇಲೆ ಯಂತ್ರಕ್ಕೆ ಹಾಕುವಾಗ ಒಂದನ್ನು ಏಳು ಅಂತ ಓದಿದರು, ಏಳನ್ನು ಒಂದು ಅಂತ ಓದಿದರು. ಜಗಳ ಶುರುವಾದದ್ದು ಅಲ್ಲಿಂದ.

ಅದು ಬಾಗಿಲಿನ ಸಾಲು ಹೋಗಿದ್ದರಿಂದ ಆದದ್ದು. ಲಿಪಿಯ ಸಾಲೂ ಹೋಗಿತ್ತು, ಅದು ತಕ್ಷಣ ಗೊತ್ತಾಗಲಿಲ್ಲ. ಬಟವಾಡೆ ಪಟ್ಟಿ ತೆಗೆದಾಗ ಹೆಸರಿರುವ ಕಡೆಯಲ್ಲೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು. ಕೃಷ್ಣಪ್ಪನೂ ಪ್ರಶ್ನೆ, ಮುನಿಯಮ್ಮನೂ ಪ್ರಶ್ನೆ. ಹಳೇ ಹೆಸರುಗಳು ಒಳಗೆ ಸರಿಯಾಗೇ ಇದ್ದವು, ತೋರಿಸುವಾಗ ಮಾತ್ರ ಕೆಟ್ಟಿದ್ದವು, ಸಾಲು ತಿದ್ದಿದ ಮೇಲೆ ವಾಪಸ್ ಬಂದವು. ಆದರೆ ಆ ಮಧ್ಯೆ ಹೊಸದಾಗಿ ಸೇರಿದ ನಾಲ್ಕು ಸದಸ್ಯರ ಹೆಸರು ಪ್ರಶ್ನೆ ಚಿಹ್ನೆಯಾಗಿಯೇ ಒಳಗೆ ಕೂತುಬಿಟ್ಟಿತ್ತು. ಅದಕ್ಕೆ ಮದ್ದಿಲ್ಲ. ಅರ್ಜಿ ಹುಡುಕಿ ಮತ್ತೆ ಬರೆಯಬೇಕಾಯಿತು. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಬರೋದು ಬ್ಯಾಂಕ್ ಖಾತೆಗೆ. ಅದಕ್ಕೆ ಹೆಸರೂ ಲೆಕ್ಕವೂ ಒಂದಕ್ಕೊಂದು ಹೊಂದಬೇಕು. ಪ್ರಶ್ನೆ ಚಿಹ್ನೆ ಅನ್ನೋ ಹೆಸರಿನ ರೈತರು ಯಾರೂ ಇಲ್ಲವಲ್ಲ.

ಇಲ್ಲಿ ಗಮನಿಸಬೇಕಾದದ್ದು, ಒಂದು ಲೀಟರಿನ ಲೆಕ್ಕವೂ ಕಳೆದಿರಲಿಲ್ಲ. ಅವರು ದಿನಾ ರಾತ್ರಿ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೀತಿದ್ದರು. ಬ್ಯಾಕಪ್ ಇದೆ, ಭಯ ಇಲ್ಲ ಅಂತ ಇದ್ದರು. ನಾವೂ ಎಲ್ಲರೂ ಹಾಗೇ ನಂಬ್ತೀವಿ. ಆದರೆ ಆ ಬ್ಯಾಕಪ್‌ನಲ್ಲಿ ಹೋಗೋದು ಲೆಕ್ಕದ ಪುಸ್ತಕ ಮಾತ್ರ. ಕಟ್ಟಳೆ ಚೀಟಿ ಬೇರೆ ಜಾಗದಲ್ಲಿ ಇದೆ ಅಂದೆವಲ್ಲ, ಅದನ್ನು ಯಾರೂ ನಕಲು ಮಾಡಿರಲಿಲ್ಲ. ಮೊದಲ ಸಲ ಅದನ್ನು ತಿದ್ದಿದವನು ಕೆಲಸ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು.

ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು, ಎಲ್ಲ ಅವನ ತಲೆಯಲ್ಲಿ. ಅವನು ಹೋದ ಮೇಲೆ ಕೆರೆಯಲ್ಲಿ ನೀರಿದ್ದರೂ ಹಂಚೋದು ಯಾರಿಗೂ ಗೊತ್ತಾಗದೆ ಎಷ್ಟು ಊರುಗಳಲ್ಲಿ ಹೊಡೆದಾಟ ಆಗಿಲ್ಲ? ಕಂಪ್ಯೂಟರು ಬಂದರೂ ನಾವು ಮತ್ತೆ ನೀರುಗಂಟಿಯ ತಲೆಯನ್ನೇ ನಂಬಿಕೊಂಡಿದ್ದೀವಿ.

ಇದನ್ನು ಕೇಳಿದ ನಮ್ಮ ಕೆಲವು ಹಿರಿಯರು, ಹಾಗಾದರೆ ಈ ನವೀಕರಣವೇ ಬೇಡ, ನಡೀತಾ ಇರೋದನ್ನು ಮುಟ್ಟಬೇಡಿ ಅಂದರು. ಅವರ ಮಾತಿಗೆ ನಮಗೆ ಗೌರವ ಇದೆ, ಒಪ್ಪಿಗೆ ಇಲ್ಲ. ತಂತ್ರಾಂಶಕ್ಕೂ ಒಂದು ಆಯುಸ್ಸಿದೆ. ನಮ್ಮಲ್ಲಿದ್ದ ಮೈಎಸ್‌ಕ್ಯೂಎಲ್ 5.7 ಆವೃತ್ತಿಗೆ ತಯಾರಕರ ಬೆಂಬಲ 2023ರ ಅಕ್ಟೋಬರಿಗೆ ನಿಂತುಹೋಯಿತು. ಆಮೇಲೆ ಅದರಲ್ಲಿ ತೂತು ಕಂಡರೆ ತೇಪೆ ಹಾಕುವವರಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ಕಂಪ್ಯೂಟರ್ ಪಿಡುಗು ಪ್ರಪಂಚಕ್ಕೆಲ್ಲ ಹರಡಿದ್ದು ನಿಮಗೆ ನೆನಪಿರಬಹುದು. ಕಡತಗಳನ್ನು ಬೀಗ ಹಾಕಿ ದುಡ್ಡು ಕೇಳುತ್ತಿತ್ತು, ಇಂಗ್ಲೆಂಡಿನ ಆಸ್ಪತ್ರೆಗಳೇ ಕೈಕಟ್ಟಿ ಕೂತವು. ಆ ತೂತಿಗೆ ತೇಪೆ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು. ಕಾಲುಬಾಯಿ ಜ್ವರದ ಲಸಿಕೆ ಬೇಡ ಅಂದವರ ಕೊಟ್ಟಿಗೆಯ ಗತಿ ನಮಗೆ ಗೊತ್ತಿಲ್ಲವೆ? ಲಸಿಕೆ ಹಾಕಿಸಬೇಕು, ಹಾಕಿಸಿದ ದಿನ ಹಾಲು ಸ್ವಲ್ಪ ಕಡಿಮೆಯಾಗಬಹುದು ಅಂತ ತಿಳಿದಿರಬೇಕು.

ಆದ್ದರಿಂದ ನಾವು ಮಾಡಿದ್ದೇನು ಅಂತ ಹೇಳ್ತೀವಿ. ನಮ್ಮ ಊರಿನ ಒಬ್ಬ ಹುಡುಗ ದಿನಾ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಇದೇ ಕೆಲಸ ಮಾಡ್ತಾನೆ. ಅವನನ್ನು ಭಾನುವಾರ ಕೂರಿಸಿಕೊಂಡು ಕೇಳಿದೆವು. ಅವನು ಮೊದಲು ತೋರಿಸಿದ್ದು ಒಂದು ಪ್ರಶ್ನೆ. ಉಬುಂಟುವಾಗಲಿ, ಅದಕ್ಕೆ ತಾಯಿಯಾದ, 1993ರಲ್ಲಿ ಹುಟ್ಟಿದ ಡೆಬಿಯನ್ ಆಗಲಿ, ನವೀಕರಣ ಮಾಡುವಾಗ ನಾವು ತಿದ್ದಿದ ಕಟ್ಟಳೆ ಕಡತ ಕಂಡರೆ ಸುಮ್ಮನೆ ಅಳಿಸಿಹಾಕಲ್ಲ. ನಿಂತು ಕೇಳುತ್ತೆ. ಈ ಕಡತವನ್ನು ನೀವು ತಿದ್ದಿದ್ದೀರಿ, ನಾವೂ ಹೊಸದೊಂದನ್ನು ತಂದಿದ್ದೀವಿ, ಏನು ಮಾಡೋಣ ಅಂತ. ವೈ ಒತ್ತಿದರೆ ಹೊಸದು. ಎನ್ ಒತ್ತಿದರೆ ನಮ್ಮದೇ ಉಳಿಯುತ್ತೆ. ಡಿ ಒತ್ತಿದರೆ ಎರಡಕ್ಕೂ ವ್ಯತ್ಯಾಸ ಏನು ಅಂತ ಸಾಲು ಸಾಲಾಗಿ ತೋರಿಸುತ್ತೆ. ಏನೂ ಹೇಳದೆ ಎಂಟರ್ ಒತ್ತಿದರೆ ನಮ್ಮದೇ ಉಳಿಯುತ್ತೆ. ಎಷ್ಟು ಮರ್ಯಾದಸ್ಥ ಯಂತ್ರ ನೋಡಿ! ಮನೆ ಯಜಮಾನನನ್ನು ಕೇಳದೆ ಒಳಗಿನ ಸಾಮಾನು ಮುಟ್ಟಲ್ಲ.

ವೈ ಒತ್ತಿದರೂ ಹಳೆಯದನ್ನು ಬಿಸಾಡಲ್ಲ, ಹೆಸರಿನ ಕೊನೆಗೆ ಡಿಪಿಕೆಜಿ-ಓಲ್ಡ್ ಅಂತ ಸೇರಿಸಿ ಪಕ್ಕದಲ್ಲೇ ಇಡುತ್ತೆ. ಎನ್ ಒತ್ತಿದರೆ ಹೊಸದನ್ನು ಡಿಪಿಕೆಜಿ-ಡಿಸ್ಟ್ ಅನ್ನೋ ಹೆಸರಿನಲ್ಲಿ ಪಕ್ಕದಲ್ಲಿ ಇಡುತ್ತೆ. ರೆಡ್‌ಹ್ಯಾಟ್ ಅನ್ನೋ ಇನ್ನೊಂದು ಬಗೆಯ ವ್ಯವಸ್ಥೆ ಇದೆ, ಅದು ಹೀಗೆ ನಿಂತು ಕೇಳಲ್ಲ, ಆರ್‌ಪಿಎಂ-ನ್ಯೂ, ಆರ್‌ಪಿಎಂ-ಸೇವ್ ಅಂತ ಹೆಸರಿಟ್ಟು ಎರಡನ್ನೂ ಉಳಿಸಿ ಮುಂದೆ ಹೋಗುತ್ತೆ. ಅಂದರೆ ಆ ಇನ್ನೊಂದು ಡೈರಿಯವರ ಹಳೇ ಕಟ್ಟಳೆಯೂ ಬಹುಶಃ ಅದೇ ಪೆಟ್ಟಿಗೆಯಲ್ಲೇ ಬೇರೆ ಹೆಸರಲ್ಲಿ ಕೂತಿತ್ತು. ಹುಡುಕಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಸರದಲ್ಲಿರುವವನು ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಓದದೆ ವೈ ಒತ್ತುತ್ತಾನೆ. ಸಾಲದ ಪತ್ರಕ್ಕೆ ಓದದೆ ಹೆಬ್ಬೆಟ್ಟು ಒತ್ತಿದ ಹಾಗೆ.

ಹಾಗಾದರೆ ಯಾವಾಗಲೂ ಎನ್ ಒತ್ತಿದರೆ ಆಯಿತಲ್ಲ ಅಂತ ನಾವೇ ಕೇಳಿದೆವು. ಆ ಹುಡುಗ ನಕ್ಕ. ನಮ್ಮ ಹಳೇ ಕಡತದಲ್ಲಿ ಒಂದು ಸಾಲಿತ್ತು, ಕ್ವೆರಿ ಕ್ಯಾಶ್ ಅಂತ. ಒಮ್ಮೆ ಕೇಳಿದ ಪ್ರಶ್ನೆಯ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಕೇಳಿದರೆ ಬೇಗ ಹೇಳುವ ಉಪಾಯ. ಹಿಂದೆ ಅದು ಉಪಯೋಗಕ್ಕೆ ಬರುತ್ತಿತ್ತು. 8.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಇಲ್ಲದ ಕೆಲಸವನ್ನು ಮಾಡು ಅಂತ ಚೀಟಿಯಲ್ಲಿದ್ದರೆ ಹೊಸ ಗುಮಾಸ್ತ ಕೆಲಸಕ್ಕೇ ಕೂರಲ್ಲ, ಸರ್ವರ್ ಏಳೋದೇ ಇಲ್ಲ. ಹಳೆಯದನ್ನೆಲ್ಲ ಹಾಗೇ ಹಿಡಿದುಕೊಳ್ಳೋದೂ, ಹೊಸದನ್ನೆಲ್ಲ ಹಾಗೇ ಒಪ್ಪೋದೂ, ಎರಡೂ ಓದದೆ ಒತ್ತಿದ ಹೆಬ್ಬೆಟ್ಟೇ. ಒಂದೊಂದು ಸಾಲನ್ನೂ ಯಾಕೆ ಬರೆದಿದೆ ಅಂತ ತಿಳಿದಿರಬೇಕು.

ಅದಕ್ಕೆ ನಮ್ಮ ಆಡಳಿತ ಮಂಡಳಿ ಒಂದು ಪುಸ್ತಕ ಮಾಡಿತು. ನೂರು ಪುಟದ ಉದ್ದ ನೋಟ್‌ಬುಕ್, ಅಂಗಡಿಯಲ್ಲಿ ಸಿಗೋದೇ. ಒಂದೊಂದು ಸೆಟ್ಟಿಂಗಿಗೆ ಒಂದು ಸಾಲು. ಕಾರ್ಖಾನೆಯಲ್ಲಿ ಎಷ್ಟಿತ್ತು, ನಾವು ಎಷ್ಟಕ್ಕೆ ಇಟ್ಟಿದ್ದೀವಿ, ಯಾವ ದಿನ, ಯಾರು ತಿದ್ದಿದರು, ಕೊನೆಗೆ ಯಾಕೆ. ಇದರಲ್ಲಿ ‘ಯಾಕೆ’ ಅನ್ನೋ ಅಂಕಣವೇ ಮುಖ್ಯ. ಮೊದಲು ತುಂಬಿಸುವಾಗ ಅರ್ಧದಷ್ಟು ಸಾಲಿಗೆ ಯಾಕೆ ಅಂತ ಹೇಳುವವರೇ ಇರಲಿಲ್ಲ. ಎಲ್ಲೆಲ್ಲೋ ಫೋನ್ ಮಾಡಿ ಕೇಳಿ ಬರೆದೆವು. ಈಗ ಒಟ್ಟು ಹನ್ನೊಂದು ಸಾಲು. ಕಡತವನ್ನು ಹಾಗೇ ಕಾಗದಕ್ಕೆ ಮುದ್ರಿಸಿ ಅದೇ ಪುಸ್ತಕಕ್ಕೆ ಅಂಟಿಸಿದ್ದೀವಿ. ಪುಸ್ತಕ ನಡಾವಳಿ ಪುಸ್ತಕದ ಜೊತೆ ಬೀರುವಿನಲ್ಲಿ ಇರುತ್ತೆ, ಕಡತದ ನಕಲು ಅಧ್ಯಕ್ಷರ ಹತ್ತಿರ ಇರುವ ಪೆನ್‌ಡ್ರೈವಿನಲ್ಲಿ ಇರುತ್ತೆ. ಗುಪ್ತ ಪದಗಳನ್ನು ಮಾತ್ರ ಪುಸ್ತಕದಲ್ಲಿ ಬರೆದಿಲ್ಲ, ಅದು ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಇದೆ.

ಇಷ್ಟಕ್ಕೇ ಮಂಡಳಿಯ ಸಭೆಯಲ್ಲಿ ಚರ್ಚೆ ಜೋರಾಗೇ ನಡೆಯಿತು. ಇದು ಕಂಪ್ಯೂಟರಿನವರ ಕೆಲಸ, ನಿರ್ದೇಶಕರಿಗೆ ಯಾಕೆ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರ ಇಷ್ಟು: ಬಾಗಿಲು ಯಾರಿಗೆ ತೆಗೀಬೇಕು, ಸದಸ್ಯರ ಹೆಸರು ಯಾವ ಲಿಪಿಯಲ್ಲಿರಬೇಕು, ಬ್ಯಾಕಪ್ ಯಾವ ಹೊತ್ತಿಗೆ ಆಗಬೇಕು ಅನ್ನೋದು ಸಂಘದ ತೀರ್ಮಾನ. ತೀರ್ಮಾನಕ್ಕೆ ನಡಾವಳಿ ಬೇಕು ಅಂತ ಬೈಲಾದಲ್ಲೇ ಇದೆ. ಯಂತ್ರದೊಳಗೆ ಬರೆದ ತೀರ್ಮಾನಕ್ಕೆ ಮಾತ್ರ ನಡಾವಳಿ ಬೇಡವೆ? ತಂತ್ರಾಂಶ ಕೊಟ್ಟವರ ಕಡೆಯವರಿಗೂ ಮೊದಲು ಇದು ಹಿಡಿಸಲಿಲ್ಲ, ಬೇರೆ ಯಾವ ಸಂಘದವರೂ ಹೀಗೆ ಕೇಳಲ್ಲ ಅಂದರು. ಪುಸ್ತಕದಲ್ಲಿ ಬರೆದು ಸಹಿ ಮಾಡದೆ ಬಿಲ್ಲು ಪಾಸಾಗಲ್ಲ ಅಂತ ಆದ ಮೇಲೆ ಹಿಡಿಸಿತು.

ಇನ್ನೊಂದು ಉಪಾಯವನ್ನೂ ಆ ಹುಡುಗನೇ ಹೇಳಿಕೊಟ್ಟ. ತಯಾರಕರ ಕಡತದೊಳಗೆ ನಮ್ಮ ಸಾಲುಗಳನ್ನು ತುರುಕೋದೇ ಬೇಡ. ಮೈಎಸ್‌ಕ್ಯೂಎಲ್‌ನಲ್ಲಿ ಕಾನ್ಫ್.ಡಿ ಅಂತ ಒಂದು ಖಾನೆ ಇದೆ, ಅದರಲ್ಲಿ ನಮ್ಮದೇ ಹೆಸರಿನ ಪುಟ್ಟ ಕಡತ ಇಟ್ಟರೆ ಅದನ್ನೂ ಓದಿಕೊಳ್ಳುತ್ತೆ. ಒಂದೇ ವಿಷಯ ಎರಡು ಕಡೆ ಇದ್ದರೆ ಆಮೇಲೆ ಓದಿದ್ದು ಗೆಲ್ಲುತ್ತೆ, ಆದ್ದರಿಂದ ಯಾವುದು ಆಮೇಲೆ ಬರುತ್ತೆ ಅಂತ ನೋಡಿಕೊಂಡು ಇಡಬೇಕು. ನವೀಕರಣ ತಯಾರಕರ ಕಡತವನ್ನು ಏನು ಬೇಕಾದರೂ ಮಾಡಿಕೊಳ್ಳಲಿ, ನಮ್ಮದನ್ನು ಮುಟ್ಟಲ್ಲ. ಅಣ್ಣ ತಮ್ಮಂದಿರ ನಡುವೆ ಬದು ಹಾಕಿದ ಹಾಗೆ. ಬದು ಇದ್ದರೆ ಉಳುವಾಗ ಜಗಳವಿಲ್ಲ.

5.7ರಿಂದ 8.0ಕ್ಕೆ ಹೋದ ದಿನ ಹೇಗೆ ನಡೆಯಿತು ಅಂತ ಹೇಳ್ತೀವಿ, ಬೇರೆ ಸಂಘದವರಿಗೂ ಅನುಕೂಲವಾಗಲಿ. ಮೊದಲು ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರು ಇಳಿಸಿದೆವು. ಅದರಲ್ಲಿ ನಮ್ಮ ಲೆಕ್ಕದ ನಕಲು, ಕಟ್ಟಳೆಯ ನಕಲು ಎರಡನ್ನೂ ಹಾಕಿ ಅಲ್ಲಿ ನವೀಕರಣ ಮಾಡಿ ನೋಡಿದೆವು. ಕ್ವೆರಿ ಕ್ಯಾಶ್ ಸಾಲಿನಿಂದ ಸರ್ವರ್ ಏಳದೆ ಮಲಗಿದ್ದು ಅಲ್ಲೇ. ಹಳೇ ಯಂತ್ರದಲ್ಲಿ ಮಲಗಿದರೆ ಯಾರ ಹಾಲೂ ಕೆಡಲ್ಲ. ಸಾಲು ತೆಗೆದು ಮತ್ತೆ ಎಬ್ಬಿಸಿದೆವು. ಹಾಲಿನ ಮೇಜಿನ ನಮ್ಮ ತಂತ್ರಾಂಶ ಹಳೇದು, 8.0 ತಂದ ಹೊಸ ಗುಪ್ತಪದದ ಪದ್ಧತಿ ಅದಕ್ಕೆ ಬರಲ್ಲ ಅನ್ನೋದೂ ಅಲ್ಲೇ ತಿಳಿಯಿತು. ಹಳೇ ಪದ್ಧತಿಯಲ್ಲೇ ಬಿಟ್ಟುಕೋ ಅಂತ ಒಂದು ಸಾಲು ಸೇರಿಸಿದೆವು. ಪುಸ್ತಕದ ಹನ್ನೊಂದನೇ ಸಾಲು ಅದು.

ನಿಜವಾದ ಪೆಟ್ಟಿಗೆಗೆ ಕೈ ಹಾಕಿದ್ದು ಬಟವಾಡೆ ಮುಗಿದ ಮಾರನೇ ದಿನ, ಬೆಳಗಿನ ಹಾಲಾದ ಮೇಲೆ. ನಮಗೆ ಸಿಗೋದು ಎರಡು ಹೊತ್ತಿನ ಮಧ್ಯದ ಏಳೆಂಟು ಗಂಟೆ ಅಷ್ಟೇ, ಅದಕ್ಕೇ ಹಳೇ ಯಂತ್ರದಲ್ಲಿ ಕಲಿತು ಬಂದದ್ದು. ಪ್ರಶ್ನೆ ಬಂದಾಗ ಹುಡುಗ ಡಿ ಒತ್ತಿದ, ಕಾರ್ಯದರ್ಶಿಗಳು ಪುಸ್ತಕ ಹಿಡಿದು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು, ನಾವು ಗುರುತು ಹಾಕಿದೆವು. ಮುಗಿದ ಮೇಲೆ ಕಾರ್ಯದರ್ಶಿಗಳ ಮೇಜಿನಿಂದ ಅಲ್ಲ, ಹಾಲಿನ ಮೇಜಿನಿಂದಲೇ ಕೇಳಿ ನೋಡಿದೆವು. ಲಕ್ಷ್ಮಮ್ಮ ಅಂತ ಒತ್ತಕ್ಷರದ ಹೆಸರು ಹೊಸದಾಗಿ ಬರೆದು, ಮುಚ್ಚಿ, ಮತ್ತೆ ತೆಗೆದು ನೋಡಿದೆವು. ಹಿಂದಿನ ಬಟವಾಡೆಯ ಮೂವತ್ತು ಜನರ ಬಿಲ್ಲನ್ನು ಮತ್ತೆ ತೆಗೆಸಿ, ಮುಂಚೆಯೇ ಮುದ್ರಿಸಿಟ್ಟಿದ್ದ ಬಿಲ್ಲಿನ ಜೊತೆ ಪೈಸೆಗೆ ಪೈಸೆ ತಾಳೆ ನೋಡಿದೆವು. ಯಂತ್ರವನ್ನು ಒಂದು ಸಲ ಪೂರ್ತಿ ಆರಿಸಿ ಮತ್ತೆ ಹಾಕಿದೆವು. ಇದನ್ನು ಬಹಳ ಜನ ಮರೀತಾರೆ. ನಡೀತಿರುವ ಗುಮಾಸ್ತನಿಗೆ ಬಾಯಲ್ಲಿ ಹೇಳಿದ ಕಟ್ಟಳೆ ಕರೆಂಟು ಹೋಗಿ ಬಂದ ಮೇಲೆ ನೆನಪಿರಲ್ಲ, ಕಡತದಲ್ಲಿ ಬರೆದದ್ದು ಮಾತ್ರ ಇರುತ್ತೆ. ನಮ್ಮ ಊರಿನ ಕರೆಂಟಿನ ಬಗ್ಗೆ ನಾವು ಬೇರೆ ಹೇಳಬೇಕಾಗಿಲ್ಲ. ಸಂಜೆ ಐದಕ್ಕೆ ಹಾಲು ಮಾಮೂಲಿನಂತೆ ತೂಗಿತು. ಅವತ್ತು ಏನೋ ಬದಲಾಗಿದೆ ಅಂತ ನಿಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1810ರಲ್ಲಿ ಸ್ಕಾಟ್ಲೆಂಡಿನ ರುತ್‌ವೆಲ್ ಅನ್ನೋ ಹಳ್ಳಿಯಲ್ಲಿ ಹೆನ್ರಿ ಡಂಕನ್ ಅನ್ನೋ ಪಾದ್ರಿ ಬಡವರಿಗಾಗಿ ಒಂದು ಉಳಿತಾಯ ಬ್ಯಾಂಕು ಶುರುಮಾಡಿದರು. ಆ ಪರಂಪರೆಯಿಂದ ಬೆಳೆದದ್ದು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು. 2018ರ ಏಪ್ರಿಲ್‌ನಲ್ಲಿ ಅದು 52 ಲಕ್ಷ ಗ್ರಾಹಕರ ಲೆಕ್ಕವನ್ನು ಹಳೇ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಲೆಕ್ಕವೆಲ್ಲ ಸರಿಯಾಗೇ ಹೋಗಿ ಸೇರಿತು. ಸೇರಿದ ಜಾಗ ಸಾಕಷ್ಟು ಪರೀಕ್ಷೆಯಾಗಿರಲಿಲ್ಲ. ಜನ ತಮ್ಮ ದುಡ್ಡನ್ನು ತಾವೇ ನೋಡೋದಕ್ಕೆ ಆಗದೆ ಒದ್ದಾಡಿದರು, ಪೂರ್ತಿ ಸರಿಯಾಗೋದಕ್ಕೆ ಆ ವರ್ಷದ ಡಿಸೆಂಬರ್ ಆಯಿತು. 2022ರ ಡಿಸೆಂಬರಿನಲ್ಲಿ ಅಲ್ಲಿಯ ನಿಯಂತ್ರಕರು ಅದಕ್ಕೆ 4 ಕೋಟಿ 86 ಲಕ್ಷ ಪೌಂಡು ದಂಡ ಹಾಕಿದರು.

ಸಭೆಯಲ್ಲಿ ವ್ಯವಸಾಯ ಸೇವಾ ಸಹಕಾರ ಸಂಘಗಳ ನಿರ್ದೇಶಕ ಮಿತ್ರರೂ ಇದ್ದೀರಿ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು, ನಬಾರ್ಡ್ ಅದನ್ನು ನಡೆಸುತ್ತೆ. ಅಲ್ಲಿ ಸರ್ವರ್ ನಿಮ್ಮ ಕಚೇರಿಯಲ್ಲಿ ಇರಲ್ಲ, ದೂರದಲ್ಲಿರುತ್ತೆ. ನವೀಕರಣವನ್ನು ಅವರೇ ಮಾಡ್ತಾರೆ, ಆ ತಲೆನೋವು ನಿಮಗಿಲ್ಲ. ಆದರೂ ಬಡ್ಡಿ ಯಾವ ದಿನದಿಂದ, ಷೇರು ಎಷ್ಟು ಹಿಡೀಬೇಕು, ಯಾವ ಕಂಪ್ಯೂಟರಿನಿಂದ ಯಾರು ಒಳಗೆ ಹೋಗಬಹುದು ಅನ್ನೋ ನಿಮ್ಮ ಸಂಘದ ಗುಂಡಿಗಳು ಅಲ್ಲೂ ಇರುತ್ತವೆ. ನಿಮಗೂ ಒಂದು ಉದ್ದ ನೋಟ್‌ಬುಕ್ ಬೇಕು. ಬೇಕಾದರೆ ನಮ್ಮದನ್ನು ನೋಡಿಕೊಂಡು ಗೆರೆ ಹಾಕಿಕೊಳ್ಳಿ, ನಾವು ಕೊಡ್ತೀವಿ.

ಕೊನೆಯದಾಗಿ ಸದಸ್ಯರಿಗೆ ಒಂದು ತಿಳುವಳಿಕೆ. 8.0 ಆವೃತ್ತಿಗೂ ತಯಾರಕರು ಇಟ್ಟ ಗಡುವು 2026ರ ಏಪ್ರಿಲ್. ಆದ್ದರಿಂದ 8.4ಕ್ಕೆ ಹೋಗುವ ಕೆಲಸ ನಮ್ಮ ಮುಂದಿದೆ. ಹೋದ ಸಲ ಸೇರಿಸಿದ ಹನ್ನೊಂದನೇ ಸಾಲನ್ನು ಆ ಆವೃತ್ತಿ ಒಪ್ಪಲ್ಲ. ಅದನ್ನು ಹಾಗೇ ಬಿಟ್ಟರೆ ಕ್ವೆರಿ ಕ್ಯಾಶ್‌ನ ಹಾಗೆಯೇ ಸರ್ವರ್ ಏಳಲ್ಲ. ಹಳೇ ಗುಪ್ತಪದದ ಪದ್ಧತಿಯನ್ನೂ ಅದರಲ್ಲಿ ಮುಚ್ಚಿಯೇ ಕೊಡ್ತಾರೆ. ಪುಸ್ತಕದ ‘ಯಾಕೆ’ ಅಂಕಣದಲ್ಲಿ ‘ಹಾಲಿನ ಮೇಜಿನ ಹಳೇ ತಂತ್ರಾಂಶದ ಸಲುವಾಗಿ’ ಅಂತ ಬರೆದಿರೋದರಿಂದ, ಮೊದಲು ಹಾಲಿನ ಮೇಜಿನ ತಂತ್ರಾಂಶವನ್ನು ಹೊಸದು ಮಾಡಿ, ಆಮೇಲೆ ಆ ಸಾಲು ತೆಗೆದು, ಕೊನೆಗೆ ಸರ್ವರ್‌ಗೆ ಕೈ ಹಾಕಬೇಕು ಅಂತ ಮಂಡಳಿ ತೀರ್ಮಾನಿಸಿದೆ. ದಿನ ಗೊತ್ತಾದ ಕೂಡಲೇ ಡೈರಿ ಬೋರ್ಡಿನಲ್ಲಿ ಹಾಕ್ತೀವಿ. ಆ ದಿನದ ಹಿಂದಿನ ಬಟವಾಡೆ ಚೀಟಿಯನ್ನು ಯಾರೂ ಬಿಸಾಡಬೇಡಿ, ಮಾರನೇ ಬೆಳಿಗ್ಗೆ ಹಾಲಿನ ಜೊತೆ ತನ್ನಿ. ಈ ಸಲ ಮೂವತ್ತು ಜನರದಲ್ಲ, ಚೀಟಿ ತಂದವರೆಲ್ಲರದ್ದೂ ತಾಳೆ ನೋಡೋಣ ಅಂತ ಪರೀಕ್ಷಕರು ಒಪ್ಪಿದ್ದಾರೆ.